ಆದಮಾಕ ಪಾಸು ಮಾಡಿದ ಆಂಪ್ಲಿಫೈಯರ್

ಪುತ್ತೂರು ಪೇಟೆಯ ದರ್ಬೆಯಲ್ಲಿ ಕಾರಿಗೆ ಸ್ಟೀರಿಯೊ ಕೂರಿಸುವ ಅಂಗಡಿಗಳು ಈಗ ಐದಾರು ಆಗಿವೆ. ಆದರೆ ಪುತ್ತೂರು, ಸುಳ್ಯ, ಕಡಬದ ಹಳಬರ ಬಾಯಲ್ಲಿ ಇಂದಿಗೂ ಒಂದೇ ಪ್ರಶ್ನೆ: ‘ಆದಮಾಕ ಪಾಸು ಮಾಡಿದ್ದಾ?’ ಬೇರೆ ಅಂಗಡಿಯಲ್ಲಿ ಕೆಲಸ ಮಾಡಿಸಿದವರೂ ಒಮ್ಮೆ, ಎಲ್ಲರೂ ಆದಮಾಕ ಎಂದೇ ಕರೆಯುವ ಆದಂ ಕುಂಞಿಯನ್ನು ಕಾರಿನೊಳಗೆ ಕೂರಿಸಿ, ಅವನು ತಲೆ ಆಡಿಸಿದ ಮೇಲೆಯೇ ನೆಮ್ಮದಿಯಿಂದ ಮನೆಗೆ ಹೋಗುವುದು. ಅವನ ಅಂಗಡಿಗೆ ಬೋರ್ಡು ಸಹ ಇಲ್ಲ. ಮೂರು ವರ್ಷದ ಹಿಂದಿನ ಗಾಳಿಗೆ ಬಿದ್ದದ್ದನ್ನು ಪುನಃ ಹಾಕಿಸಲಿಲ್ಲ. ‘ಕಿವಿ ಉಂಟಲ್ಲ, ಬೋರ್ಡು ಯಾಕೆ?’ ಎಂದು ಕೇಳುತ್ತಾನೆ. ಜಂಬ ಇಲ್ಲದ ಮನುಷ್ಯನೇನೂ ಅಲ್ಲ.

ಜಂಬ ಪಡುವುದಕ್ಕೆ ಕಾರಣವೂ ಇತ್ತು ಅನ್ನಿ. ಇಪ್ಪತ್ತರ ಪ್ರಾಯದಲ್ಲಿ ರೇಡಿಯೊ ರಿಪೇರಿ ಕಲಿತು, ಶಾರ್ಜಾದಲ್ಲಿ ಏಳು ವರ್ಷ ಕಾರುಗಳ ಡಿಕ್ಕಿಯೊಳಗೆ ತಲೆ ತೂರಿಸಿ ವಯರ್ ಎಳೆದು, ಊರಿಗೆ ಬಂದು ಮೂವತ್ತು ವರ್ಷ ಆಯಿತು. ಡೋರಿನೊಳಗೆ ಒಂದು ಸ್ಕ್ರೂ ಸಡಿಲ ಇದ್ದರೆ ರಸ್ತೆಯ ಆಚೆ ಬದಿಯಿಂದಲೇ ಹೇಳುತ್ತಿದ್ದ. ಎಡದ ಸ್ಪೀಕರ್ ಬಲದ್ದಕ್ಕಿಂತ ಒಂದು ಕೂದಲಿನಷ್ಟು ಹಿಂದೆ ಉಳಿದರೂ ಅವನಿಗೆ ಗೊತ್ತಾಗುತ್ತಿತ್ತು. ಪ್ರಾಯ ಈಗ ಐವತ್ತೆಂಟು.

ಪಾಸು ಮಾಡುವುದಕ್ಕೆ ಅವನದ್ದೇ ಒಂದು ಕ್ರಮ ಉಂಟು. ಪೇಟೆಯ ಗಲಾಟೆಯಲ್ಲಿ ಮಾಡುವವನಲ್ಲ. ಗಿರಾಕಿಯ ಜೊತೆ ಅವರ ಊರಿನ ಕಡೆಗೇ ಹೋಗಿ, ಜನಸಂಚಾರ ಇಲ್ಲದ ಜಾಗದಲ್ಲಿ ಕಾರು ನಿಲ್ಲಿಸಿ, ಗ್ಲಾಸು ಏರಿಸಿ, ಕಣ್ಣು ಮುಚ್ಚಿ ಕೇಳುವುದು. ಆಮೇಲೆ ಬಸ್ಸು ಹಿಡಿದು ದರ್ಬೆಗೆ ವಾಪಸ್. ಕೇಳುವುದು ಸಿನೆಮಾದ ಪದ್ಯವನ್ನಲ್ಲ, ಅವನೇ ಮಾಡಿಕೊಂಡ ಒಂದು ರೆಕಾರ್ಡನ್ನು. ಶಾರ್ಜಾದಿಂದ ತಂದ ಟೇಪ್ ರೆಕಾರ್ಡರಿನಲ್ಲಿ ಮೊದಲು ಹಿಡಿದದ್ದು ತನ್ನ ಅಡುಗೆಮನೆಯ ಸದ್ದು. ಹೊಸ ಮದುಮಗಳು ಝೈನಬ ನೆಲದಲ್ಲಿ ಕೂತು ಗೆರಸೆಯಲ್ಲಿ ಅಕ್ಕಿ ಕೇರುತ್ತಿದ್ದಳು. ಗೆರಸೆಗೆ ಅಂಗೈ ತಟ್ಟಿದ ‘ದಬ್’, ಅಕ್ಕಿ ಜಾರುವ ‘ಸರ್’, ಅದರ ಮೇಲಿನಿಂದ ಎರಡು ಕೈಯ ಗಾಜಿನ ಬಳೆಗಳ ಕಿಣಿಕಿಣಿ. ಒಂದು ಆಂಪ್ಲಿಫೈಯರನ್ನು ಪರೀಕ್ಷೆ ಮಾಡಲು ಬೇಕಾದ ಎಲ್ಲ ಸ್ವರವೂ ಅದರಲ್ಲಿ ಇತ್ತು. ಬಳೆಗಳು ಒಂದೊಂದೇ ಬಿಡಿಬಿಡಿಯಾಗಿ ಕೇಳಿದರೆ ಪಾಸು, ಒಂದಕ್ಕೊಂದು ಅಂಟಿಕೊಂಡರೆ ಫೇಲು. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಪೆನ್ ಡ್ರೈವ್ ಬಂತು, ರೆಕಾರ್ಡು ಮಾತ್ರ ಅದೇ. ಮೂರು ತಾಲೂಕಿನ ಗಿರಾಕಿಗಳು ಕೇಳಿದ ಆ ಬಳೆ ಯಾರದ್ದೆಂದು ಯಾರಿಗೂ ಹೇಳಿರಲಿಲ್ಲ. ಝೈನಬಳಿಗೂ ಹೇಳಿರಲಿಲ್ಲ.

ಇತ್ತೀಚಿನ ಮೂರು ವರ್ಷದಿಂದ ಅವನಿಗೆ ಒಂದು ಹಟ ಹಿಡಿದಿತ್ತು. ಹೊಸ ಆಂಪ್ಲಿಫೈಯರ್ ಎಂದರೆ ಆಗದು. ‘ಅಂಗೈಯಷ್ಟು ಉಂಟು, ಬಿಸಿ ಆಗುದಿಲ್ಲ, ಫೋನಿನಲ್ಲಿ ಗೆರೆ ಎಳೆದು ತೋರಿಸ್ತದೆ, ಎಲ್ಲ ಸರಿ. ಜೀವ ಎಲ್ಲಿ ಉಂಟು ಮಾರಾಯ್ರೆ? ಬಳೆಯನ್ನೇ ನುಂಗಿ ಹಾಕ್ತದೆ!’ ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದ. ಗುಜರಿಗೆ ಹೋದ ಕಾರುಗಳಿಂದ ಹಳೆಯ ಆಂಪ್ಲಿಫೈಯರ್ ಬಿಚ್ಚಿ ತಂದು, ಒರೆಸಿ, ಹೊಸ ಕಾರುಗಳಿಗೆ ಕೂರಿಸಿದ. ಒಂದೊಂದೂ ಎರಡು ಇಟ್ಟಿಗೆಯಷ್ಟು ಭಾರ. ಅದರಲ್ಲಿ ‘ದಬ್’ ಎದೆಗೆ ಬಂದು ಬಡಿಯುತ್ತಿತ್ತು. ಬಳೆ ಅದರಲ್ಲಿಯೂ ಮೊದಲಿನ ಹಾಗೆ ಇರಲಿಲ್ಲ, ಆದರೆ ಅದು ಪೆನ್ ಡ್ರೈವಿಗೆ ಹಾಕುವಾಗ ಸವೆದದ್ದು ಎಂದು ಅವನ ಲೆಕ್ಕಾಚಾರ. ಹೀಗೆ ಮೂರು ವರ್ಷದಲ್ಲಿ ಹನ್ನೊಂದು ಕಾರು ಪಾಸು ಮಾಡಿ ಕಳಿಸಿದ್ದ.

ಏಪ್ರಿಲ್ ತಿಂಗಳಿನಲ್ಲಿ ಇಚಿಲಂಪಾಡಿಯ ಚನಿಯಪ್ಪ ಬಂದ. ಹಳೆಯ ಗಿರಾಕಿ. ಅವನ ಜೀಪಿಗೆ ತೊಂಬತ್ತೆಂಟರಲ್ಲಿ ಆದಂ ಕುಂಞಿಯೇ ಆಂಪ್ಲಿಫೈಯರ್ ಕೂರಿಸಿದ್ದ. ಜೀಪು ಈಗ ಇಲ್ಲ, ಆಂಪ್ಲಿಫೈಯರ್ ಉಂಟು. ಅದನ್ನು ಟವೆಲಿನಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ತಂದಿದ್ದ. ಕೈಯಲ್ಲಿ ಒಂದು ಪುಟ್ಟ ಡಬ್ಬಿ.

‘ಇದು ಭವಿತಾ ಕೊಟ್ಟದ್ದು,’ ಎಂದು ಡಬ್ಬಿ ತೋರಿಸಿದ. ಭವಿತಾ ಅವನ ಮಗಳು, ಕಡಬದ ಶಾಲೆಯಲ್ಲಿ ಟೀಚರ್. ‘ಅಪ್ಪ, ಆ ಹಳೆ ಕಬ್ಬಿಣ ಬಿಸಾಡಿ ಇದನ್ನು ಹಾಕಿಸಿ ಅಂತಾಳೆ. ನನಗೆ ಹಳೆಯದನ್ನು ಬಿಡ್ಲಿಕ್ಕೆ ಮನಸ್ಸು ಬರುದಿಲ್ಲ ಆದಮಾಕ. ಅವಳ ಹತ್ರ ಒಂದೇ ಮಾತು ಹೇಳಿ ಬಂದಿದ್ದೇನೆ. ನೀವು ಯಾವುದನ್ನು ಪಾಸು ಮಾಡ್ತೀರೋ ಅದು ಕಾರಿನಲ್ಲಿ.’

ಆದಂ ಕುಂಞಿಗೆ ಖುಷಿಯಾಯಿತು. ಉತ್ತರ ಅವನಿಗೆ ಮೊದಲೇ ಗೊತ್ತಿತ್ತು. ಆದರೂ ಟೀಚರಮ್ಮನಿಗೆ ಅನ್ಯಾಯ ಆಗಬಾರದು ಎಂದು ಎರಡನ್ನೂ ಕೂರಿಸಿ, ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸ್ವಿಚ್ಚು ಇಟ್ಟ. ಮೇಲೆ ಒತ್ತಿದರೆ ಹಳೆಯದು, ಕೆಳಗೆ ಒತ್ತಿದರೆ ಹೊಸದು. ಮಧ್ಯಾಹ್ನದ ನಮಾಜು ಮುಗಿಸಿ, ಚನಿಯಪ್ಪನ ಪಕ್ಕದ ಸೀಟಿನಲ್ಲಿ ಕೂತು ಹೊರಟ.

ಇಚಿಲಂಪಾಡಿ ಹತ್ತಿರ ಆಗುತ್ತಿದ್ದಂತೆ ರಸ್ತೆಯ ಎರಡೂ ಬದಿಯಲ್ಲಿ ದೊಡ್ಡ ಮರಗಳು ಬಂದವು. ಮನೆ ಇಲ್ಲ, ಅಂಗಡಿ ಇಲ್ಲ, ಒಂದು ನಾಯಿಯೂ ಇಲ್ಲ. ಆದಂ ಕುಂಞಿ ಗ್ಲಾಸು ಇಳಿಸಿ ಒಂದು ಕ್ಷಣ ಕಿವಿಗೊಟ್ಟ.

‘ಇಲ್ಲೇ ನಿಲ್ಲಿಸಿ ಚನಿಯಪ್ಪಣ್ಣ. ಎಂತ ನಿಶ್ಶಬ್ದ ಅಲ್ವಾ? ಮೊದಲೆಲ್ಲ ಈ ತಿಂಗಳಲ್ಲಿ ಇಲ್ಲಿ ಜೀರುಂಡೆ ಕೂಗ್ತಿತ್ತು. ಮರ ಕಡಿದು ಕಡಿದು ಅದರ ವಂಶವೇ ಹೋಯಿತು.’

ಚನಿಯಪ್ಪ ಕಾರು ನಿಲ್ಲಿಸಿ ಅವನ ಮುಖ ನೋಡಿದ. ಮತ್ತೆ ನಗಾಡಿದ.

‘ತಮಾಷೆ ಮಾಡುದಾ ಆದಮಾಕ? ಕಿವಿ ಒಡೆದು ಹೋಗ್ತದೆ ನನಗೆ! ಈ ಜೀರುಂಡೆಗಳ ಬೊಬ್ಬೆಯಲ್ಲಿ ನಿಮ್ಮ ಪರೀಕ್ಷೆ ಆಗ್ಲಿಕ್ಕುಂಟಾ? ಗ್ಲಾಸು ಹಾಕಿ ಬೇಗ.’

 ಆದಂ ಕುಂಞಿ ಹೊರಗೆ ನೋಡಿದ. ಮರ ಇತ್ತು, ಬಿಸಿಲು ಇತ್ತು, ಎಲೆ ಅಲುಗುತ್ತಿತ್ತು. ಸದ್ದು ಇರಲಿಲ್ಲ. ಚನಿಯಪ್ಪ ಒಂದು ಕಿವಿಗೆ ಬೆರಳು ತುರುಕಿ ಮುಖ ಕಿವುಚಿದ್ದ. ಅಷ್ಟು ಜೋರಾದ ಒಂದು ಸದ್ದು ಲೋಕದಲ್ಲಿ ಇತ್ತು, ಆದಂ ಕುಂಞಿಯ ಪಾಲಿಗೆ ಇರಲಿಲ್ಲ. 

‘ಹೌದು ಹೌದು, ಎಂತ ಬೊಬ್ಬೆ,’ ಎಂದು ಗ್ಲಾಸು ಏರಿಸಿದ. ಜೇಬಿನಿಂದ ಪೆನ್ ಡ್ರೈವ್ ತೆಗೆದು ಸ್ಟೀರಿಯೊಗೆ ಸಿಕ್ಕಿಸಿದ.

ಮೊದಲು ಹಳೆಯದು. ‘ದಬ್’ ಬಂತು, ಎದೆಗೆ ಬಡಿಯಿತು, ಅಷ್ಟೇ. ಆಮೇಲೆ ಹೊಸದು. ಬರೀ ಒಣ ‘ದಬ್’. ಅವನು ಕಣ್ಣು ಮುಚ್ಚಿ, ಉಸಿರು ಬಿಗಿ ಹಿಡಿದು, ಬಳೆ ಬರಬೇಕಾದ ಜಾಗದಲ್ಲಿ ಕಾದ. ಬರಲಿಲ್ಲ. ಪಕ್ಕದಲ್ಲಿ ಚನಿಯಪ್ಪ ‘ಹಾ!’ ಎಂದ.

‘ಆ ಬಳೆ ಆದಮಾಕ! ಹೊಸದರಲ್ಲಿ ಎಷ್ಟು ಚಂದ ಕೇಳ್ತದೆ. ಇಲ್ಲೇ ಹಿಂದಿನ ಸೀಟಿನಲ್ಲಿ ಯಾರೋ ಕೂತ ಹಾಗೆ. ಅಲ್ವಾ?’

 ಅಲ್ವಾ ಎಂದು ಕೇಳಿದರೆ ಎಂತ ಹೇಳುವುದು? ತಲೆ ಆಡಿಸಿದರೆ ಪಾಸು ಎಂದಾಗುತ್ತದೆ. ಆಡಿಸದಿದ್ದರೆ ಯಾಕೆ ಎಂದು ಕೇಳುತ್ತಾನೆ. ಕೊನೆಗೆ, ‘ನಾಲ್ಕು ದಿನ ಇರಲಿ ಚನಿಯಪ್ಪಣ್ಣ. ಎರಡನ್ನೂ ಹಾಕಿ ನೋಡಿಕೊಳ್ಳಿ. ಆಮೇಲೆ ಬಂದು ಹೇಳ್ತೇನೆ,’ ಎಂದ.

‘ನೀವು ಯಾವತ್ತೂ ದಿನ ಕೇಳಿದವರಲ್ಲವಲ್ಲ,’ ಎಂದ ಚನಿಯಪ್ಪ. ಪಾಪ, ಕೊಂಕಿನಿಂದ ಹೇಳಿದ್ದಲ್ಲ, ಆಶ್ಚರ್ಯದಿಂದ ಹೇಳಿದ್ದು. ಆದಂ ಕುಂಞಿ ಪೆನ್ ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಒಂದೊಂದನ್ನೇ ಲೆಕ್ಕ ಹಾಕಿದ. ಜೀರುಂಡೆ ಕೇಳದೆ ಮೂರು ವರ್ಷ ಆಯಿತು, ಮರ ಕಡಿದದ್ದಕ್ಕೆ ಎಂದುಕೊಂಡಿದ್ದ. ಒಗ್ಗರಣೆಯ ಸಾಸಿವೆ ಸಿಡಿಯುವ ಸದ್ದು ಕೇಳುವುದಿಲ್ಲ, ಝೈನಬ ಹೊಸ ಬಾಣಲೆ ತಂದದ್ದಕ್ಕೆ ಎಂದುಕೊಂಡಿದ್ದ. ಸೀಟ್‌ಬೆಲ್ಟ್ ಹಾಕದಿದ್ದರೆ ಕೂಗುವ ಬೀಪ್ ಕೇಳುವುದಿಲ್ಲ, ಗಿರಾಕಿಗಳೇ ವಯರ್ ಕಿತ್ತು ಹಾಕಿದ್ದಾರೆ ಎಂದುಕೊಂಡಿದ್ದ. ರೆಕಾರ್ಡಿನ ಬಳೆಗೆ ಪೆನ್ ಡ್ರೈವನ್ನು ಬೈದಿದ್ದ, ಹೊಸ ಆಂಪ್ಲಿಫೈಯರಿನ ಕಂಪೆನಿಗಳನ್ನೆಲ್ಲ ಬೈದಿದ್ದ. ಊರಿಡೀ ತಪ್ಪು ಹುಡುಕಿದ ಮನುಷ್ಯನಿಗೆ ತನ್ನ ತಲೆಯ ಎರಡು ಬದಿ ಮಾತ್ರ ನೆನಪಾಗಿರಲಿಲ್ಲ. ಹೊಸದರ ಜೀವ ಇರುವುದೇ ಮೇಲಿನ ಸಣ್ಣ ಸ್ವರಗಳಲ್ಲಿ. ಅವನಿಗೆ ಉಳಿದಿದ್ದದ್ದು ಕೆಳಗಿನ ‘ದಬ್’ ಮಾತ್ರ. ಹಳೆಯದೇ ಒಳ್ಳೆಯದು ಎಂದು ಮೂರು ವರ್ಷ ಪಾಠ ಹೇಳಿದ್ದು ಅನುಭವ ಅಲ್ಲ, ಕಿವುಡು. ಹಾಗಾದರೆ ಆ ಹನ್ನೊಂದು ಕಾರು? ಅವುಗಳಲ್ಲಿ ಎಂತೆಂತಹ ಸದ್ದು ತುಂಬಿಸಿ ಕಳಿಸಿದ್ದೇನೋ? ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಲು ಇಳಿದವನಿಗೆ ರಸ್ತೆ ದಾಟುವುದಕ್ಕೇ ಹೆದರಿಕೆಯಾಯಿತು. ಹಿಂದಿನಿಂದ ಬರುವುದೆಲ್ಲ ಕೇಳುತ್ತದೋ ಇಲ್ಲವೋ ಎಂದು ಮೂರು ಸಲ ತಿರುಗಿ ನೋಡಿ ದಾಟಿದ.

ಮನೆಗೆ ಬಂದಾಗ ಝೈನಬ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಅವನ ಕಣ್ಣು ಅವಳ ಕೈಗೆ ಹೋಯಿತು. ಎರಡು ಕೈಯಲ್ಲೂ ಹಸಿರು ಗಾಜಿನ ಬಳೆ. ಆದಂ ಕುಂಞಿ ಚಪ್ಪಲಿಯನ್ನೂ ಕಳಚದೆ ನಿಂತುಬಿಟ್ಟ. ಪ್ರಾಯ ಆಯಿತೆಂದು ಅವಳು ಗಾಜಿನ ಬಳೆ ಹಾಕುವುದನ್ನೇ ಬಿಟ್ಟಿದ್ದಾಳೆ ಎಂದು ಅವನು ನಂಬಿದ್ದ. ಯಾಕೆ ಬಿಟ್ಟೆ ಎಂದು ಕೇಳಿರಲಿಲ್ಲ. ನೋಡಿರಲೂ ಇಲ್ಲ. ಹೆಂಡತಿಯ ಕೈ ನೋಡುವ ಅಗತ್ಯ ಅವನಿಗೆ ಎಂದೂ ಬಿದ್ದಿರಲಿಲ್ಲ, ಸದ್ದೇ ಸಾಕಾಗಿತ್ತು.

‘ಎಂತ, ಭೂತ ಕಂಡವರ ಹಾಗೆ ನಿಂತದ್ದು?’ ಎಂದಳು ಝೈನಬ.

‘ಎಂತ ಇಲ್ಲ. ಬಿಸಿಲು,’ ಎಂದು ಒಳಗೆ ಹೋದ.

ಹೇಳಲಿಲ್ಲ. ಹೇಳಿದರೆ ಅದು ನಿಜ ಆಗಿಬಿಡುತ್ತದೆ ಎಂಬ ಹೆದರಿಕೆ. ಮರುದಿನ ಅಂಗಡಿಯ ಶಟರ್ ಅರ್ಧ ಎಳೆದು, ಫೋನಿನಲ್ಲಿ ಒಂದು ಸ್ವರ ಹಾಕಿದ. ಕೆಳಗಿನಿಂದ ಮೇಲಕ್ಕೆ ಏರುತ್ತಾ ಹೋಗುವ ಸ್ವರ ಅದು. ಸ್ವಲ್ಪ ದೂರ ಜೊತೆಗೆ ಬಂತು, ತೆಳ್ಳಗಾಯಿತು, ಆಮೇಲೆ ನಿಂತಿತು. ಮುಗಿಯಿತು ಎಂದುಕೊಂಡು ಫೋನು ನೋಡಿದರೆ ಅದು ಇನ್ನೂ ಏರುತ್ತಲೇ ಇತ್ತು. ಅರ್ಧ ದಾರಿಯೂ ಆಗಿರಲಿಲ್ಲ. ಆದಂ ಕುಂಞಿ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದ. ಇಬ್ಬರು ಗಿರಾಕಿಗಳು ಬಂದರು. ತನಗೆ ಜ್ವರ ಎಂದು ಹೇಳಿ ಇಬ್ಬರನ್ನೂ ಕಳಿಸಿದ.

ಮೂರನೆಯ ದಿನ ಬೆಳಿಗ್ಗೆ ನೌಷಾದ್ ಬಂದ. ಜಾಲ್ಸೂರಿನ ನೌಷಾದ್, ಮೂವತ್ತರ ಹುಡುಗ, ಟ್ಯಾಕ್ಸಿ ಓಡಿಸಿ ಮನೆ ನಡೆಸುವವನು. ಎರಡು ತಿಂಗಳ ಹಿಂದೆ ಆದಂ ಕುಂಞಿ ಅವನ ಕಾರಿಗೂ ಗುಜರಿಯಿಂದ ತಂದ ಹಳೆಯ ಆಂಪ್ಲಿಫೈಯರ್ ಒಂದನ್ನು ಕೂರಿಸಿ ಪಾಸು ಮಾಡಿದ್ದ. ಯಾವಾಗಲೂ ದೂರದಿಂದಲೇ ಬೊಬ್ಬೆ ಹೊಡೆದು ಸಲಾಂ ಹೇಳುವ ಹುಡುಗ ಇವತ್ತು ಬಂದು ಸ್ಟೂಲಿನ ಮೇಲೆ ಕೂತ. ಕೆನ್ನೆ ಒಳಗೆ ಹೋಗಿತ್ತು.

‘ಆದಮಾಕ, ನನ್ನ ಕಿವಿಯಲ್ಲಿ ಒಂದು ಶಬ್ದ ಶುರು ಆಗಿದೆ. ಕುಂಯ್ ಅಂತ. ಎರಡು ತಿಂಗಳಾಯಿತು.’

ಆದಂ ಕುಂಞಿ ಸ್ಕ್ರೂ ಡ್ರೈವರ್ ಕೆಳಗಿಟ್ಟ.

‘ಸುಳ್ಯದಲ್ಲಿ ಡಾಕ್ಟ್ರಿಗೆ ತೋರಿಸಿದೆ. ಮೊದಲು ಡ್ರಾಪ್ಸ್ ಕೊಟ್ಟರು. ಕಡಿಮೆ ಆಗ್ಲಿಲ್ಲ. ಮತ್ತೆ, ತಲೆಯ ಸ್ಕ್ಯಾನಿಂಗ್ ಮಾಡಿಸಿ ನೋಡುವ ಅಂತ ಹೇಳಿದ್ದಾರೆ. ನಾಳೆ ಮಂಗಳೂರಿಗೆ ಹೋಗ್ಲಿಕ್ಕುಂಟು. ಉಮ್ಮ ಮೂರು ದಿನದಿಂದ ಊಟ ಮಾಡ್ಲಿಲ್ಲ.’ ಉಮ್ಮ ಎಂದರೆ ಅವನ ತಾಯಿ ಕದೀಜಮ್ಮ, ಎಪ್ಪತ್ತು ದಾಟಿದವಳು. ‘ನನಗೂ ಹೆದರಿಕೆ ಆಗ್ತದೆ ಆದಮಾಕ. ತಲೆಯಲ್ಲಿ ಎಂತಾದರೂ ಗಡ್ಡೆ ಇದ್ದರೆ? ಬೆಳಿಗ್ಗೆ ಶಾಲೆ ಮಕ್ಕಳನ್ನು ಬಿಡ್ಲಿಕ್ಕೆ ಹೋಗ್ತಿದ್ದೆ, ಅದನ್ನು ನಿಲ್ಲಿಸಿದೆ. ಮಕ್ಕಳನ್ನು ಕೂರಿಸಿಕೊಂಡು ನನಗೆ ತಲೆ ತಿರುಗಿದರೆ ಎಂತ ಮಾಡುದು?’

‘ಆ ಶಬ್ದ ಯಾವಾಗಲೂ ಉಂಟಾ?’ ಎಂದು ಕೇಳಿದ ಆದಂ ಕುಂಞಿ.

‘ಇಲ್ಲ. ಕಾರು ಓಡಿಸುವಾಗ ಮಾತ್ರ. ಸ್ಪೀಡ್ ಕೊಟ್ಟರೆ ಜೋರಾಗ್ತದೆ. ಸ್ಟೀರಿಯೊದ ಸ್ವರ ಪೂರಾ ಕೆಳಗೆ ಇಳಿಸಿದರೂ ಇರ್ತದೆ. ಮೊದಲು ನಾನು ಸ್ಟೀರಿಯೊದ್ದೇ ಅಂತ ಎಣಿಸಿದ್ದು. ಆದರೆ ಅದು ನೀವು ಕೇಳಿ ಪಾಸು ಮಾಡಿದ್ದಲ್ವಾ? ನಿಮಗೆ ಕೇಳದ್ದು ನನಗೆ ಕೇಳ್ತದೆ ಅಂದರೆ ದೋಷ ನನ್ನ ಕಿವಿಯದ್ದೇ. ಉಮ್ಮನನ್ನೂ ಕೂರಿಸಿ ಕೇಳಿದೆ. ಅವರಿಗೂ ಎಂತ ಕೇಳ್ಲಿಲ್ಲ. ಬಾಡಿಗೆಯವರ ಹತ್ರ ಕೇಳಿದರೆ ಡ್ರೈವರಿನ ತಲೆ ಸರಿ ಇಲ್ಲ ಅಂತಾರೆ ಅಂತ ಹೆದರಿ ಕೇಳ್ಲಿಲ್ಲ.’

ಎಪ್ಪತ್ತರ ಮುದುಕಿಗೆ ಕೇಳಿಸಲಿಲ್ಲ, ಐವತ್ತೆಂಟರ ಮುದುಕನಿಗೂ ಕೇಳಿಸಿರಲಿಲ್ಲ. ಈ ಇಬ್ಬರ ಸಾಕ್ಷಿ ಇಟ್ಟುಕೊಂಡು, ಚೆನ್ನಾಗಿ ಕೇಳುವ ಹುಡುಗನೊಬ್ಬ ತನ್ನ ತಲೆಯಲ್ಲಿ ಗಡ್ಡೆ ಉಂಟೆಂದು ಎರಡು ತಿಂಗಳಿಂದ ನಿದ್ದೆಗೆಟ್ಟಿದ್ದ. ಆದಂ ಕುಂಞಿಗೆ ಗೊತ್ತಾಗಿ ಹೋಯಿತು. ಎಂಜಿನಿನ ಕರೆಂಟು ಹಳೆಯ ಆಂಪ್ಲಿಫೈಯರಿನೊಳಗೆ ನುಗ್ಗಿ ಸ್ಪೀಕರಿನಲ್ಲಿ ಕುಂಯ್‌ಗುಟ್ಟುವುದು ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ರೋಗ. ಅರ್ತ್ ವಯರ್ ಸರಿ ಕೂರದಿದ್ದರೆ, ಒಳಗಿನ ಸಾಮಾನು ಒಣಗಿದ್ದರೆ ಬರುತ್ತದೆ. ಅವನು ಎಷ್ಟೋ ಕಾರುಗಳಲ್ಲಿ ಅದನ್ನು ಕೇಳಿ ಸರಿ ಮಾಡಿದ್ದ. ಕೇಳುವ ಕಾಲದಲ್ಲಿ.

‘ನೀವು ಒಮ್ಮೆ ಕೂತು ಕೇಳಿ ಹೇಳಿ ಆದಮಾಕ,’ ಎಂದ ನೌಷಾದ್. ‘ನೀವು ಶಬ್ದ ಉಂಟು ಅಂದರೆ ಉಂಟು. ಇಲ್ಲ ಅಂದರೆ ನಾಳೆ ಮಂಗಳೂರಿಗೆ ಹೋಗ್ತೇನೆ.’

ಕಾರಿನೊಳಗೆ ಕೂತರು. ನೌಷಾದ್ ಎಂಜಿನ್ ಸ್ಟಾರ್ಟ್ ಮಾಡಿ, ಸ್ಟೀರಿಯೊ ಹಾಕಿ, ಸ್ವರವನ್ನು ಪೂರಾ ಇಳಿಸಿದ. ಆಕ್ಸಿಲರೇಟರ್ ಮೆಲ್ಲಗೆ ಒತ್ತಿದ. ಆದಂ ಕುಂಞಿ ಅಭ್ಯಾಸದಂತೆ ಕಣ್ಣು ಮುಚ್ಚಿದ. ಎಂಜಿನಿನ ಗುರುಗುರು ಬಿಟ್ಟರೆ ಏನೂ ಇಲ್ಲ. ಕಣ್ಣು ತೆರೆದಾಗ ನೌಷಾದನ ಎರಡೂ ಕಣ್ಣು ಅವನ ಮುಖದ ಮೇಲೆಯೇ ಇದ್ದವು, ಜಡ್ಜ್ ಎಂತ ಹೇಳುತ್ತಾರೆಂದು ಕಾಯುವವರ ಹಾಗೆ.

ಆಗ ಆದಂ ಕುಂಞಿಯ ತಲೆಯೊಳಗೆ ಒಂದು ಸುಲಭದ ದಾರಿ ತೆರೆಯಿತು. ಕಾರು ಬಿಟ್ಟು ಹೋಗು ಎಂದರಾಯಿತು. ಹಳೆಯದನ್ನು ಕಿತ್ತು ಸದ್ದಿಲ್ಲದೆ ಹೊಸದನ್ನು ಹಾಕಿದರಾಯಿತು. ಹುಡುಗನ ‘ರೋಗ’ ತಾನಾಗಿ ಗುಣವಾಗುತ್ತದೆ, ಆದಮಾಕನ ಹೆಸರಿಗೆ ಒಂದು ಗೀರೂ ಬೀಳುವುದಿಲ್ಲ. ಆದರೆ ಬೆನ್ನಿಗೇ ಇನ್ನೊಂದು ಯೋಚನೆ ಬಂದು ಅವನನ್ನು ತಡೆಯಿತು. ಶಬ್ದ ಕಾರಿನಲ್ಲಿಯೇ ಉಂಟು ಎನ್ನಲು ಅವನ ಕೈಯಲ್ಲಿ ಎಂತ ಆಧಾರ ಇತ್ತು? ಬರೀ ಅಂದಾಜು. ಅವನು ಏನೂ ಕೇಳಿರಲಿಲ್ಲ. ನಿಜವಾಗಿ ಹುಡುಗನ ತಲೆಯಲ್ಲಿಯೇ ಏನಾದರೂ ಇದ್ದು, ತನ್ನ ಮಾತು ನಂಬಿ ಅವನು ಸ್ಕ್ಯಾನಿಂಗ್ ಬಿಟ್ಟರೆ? ಮೂರು ವರ್ಷ ಅಂದಾಜಿನಲ್ಲಿ ತಲೆ ಆಡಿಸಿದ್ದಾಯಿತು. ಇನ್ನೊಂದು ಸಲ ಆಡಿಸುವ ಧೈರ್ಯ ಅವನಿಗೆ ಬರಲಿಲ್ಲ. ಮರ್ಯಾದೆ ಹೋಗುವ ಹೆದರಿಕೆಗಿಂತ ಈ ಹೆದರಿಕೆ ದೊಡ್ಡದಾಗಿತ್ತು.

‘ನನ್ನ ಮನೆಗೆ ಬಿಡು,’ ಎಂದ.

‘ಮನೆಗಾ? ಯಾಕೆ?’

‘ಬಿಡು ನೌಷಾದ್.’

ಝೈನಬ ಮೀನು ತೊಳೆಯುತ್ತಿದ್ದಳು. ಗಂಡ ಈ ಹೊತ್ತಿನಲ್ಲಿ ಬಂದದ್ದು ಕಂಡು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ‘ಬಾ, ಈ ಕಾರಿನಲ್ಲಿ ಕೂತುಕೋ,’ ಎಂದ ಆದಂ ಕುಂಞಿ. ಅವಳು ಇಬ್ಬರ ಮುಖವನ್ನೂ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಮುಂದಿನ ಸೀಟಿನಲ್ಲಿ ಕೂತಳು. ಆದಂ ಕುಂಞಿ ಹಿಂದಿನ ಸೀಟಿನಲ್ಲಿ ಕೂತು, ಗ್ಲಾಸು ಏರಿಸಲು ಹೇಳಿದ.

‘ಎಂತ ಕೇಳ್ತದೆ ಹೇಳು. ಸುಳ್ಳು ಹೇಳಬಾರದು.’

ನೌಷಾದ್ ಆಕ್ಸಿಲರೇಟರ್ ಒತ್ತಿದ. ಝೈನಬ ಒಂದು ಕ್ಷಣವೂ ತಡೆಯಲಿಲ್ಲ.

‘ಎಂತ ಇದು ಕುಂಯ್ ಅಂತ? ಸೊಳ್ಳೆ ಬಂದು ಕಿವಿಯ ಬುಡದಲ್ಲಿ ಕೂತ ಹಾಗೆ. ಈಗ ಜೋರಾಯ್ತು. ಈಗ ಕಡಿಮೆ ಆಯ್ತು. ಅಬ್ಬಾ, ಇದನ್ನು ಇಟ್ಟುಕೊಂಡು ಹೇಗೆ ಗಾಡಿ ಓಡಿಸುದು ನೀನು?’

‘ನಿಮಗೂ ಕೇಳ್ತದಾ?’ ನೌಷಾದ್ ಸ್ಟೀರಿಂಗಿಗೆ ಹಣೆ ಇಟ್ಟುಬಿಟ್ಟ. ‘ಯಾ ಅಲ್ಲಾ! ನಿಮಗೂ ಕೇಳ್ತದಾ? ಹಾಗಾದರೆ ನನ್ನ ತಲೆಯಲ್ಲಿ ಎಂತ ಇಲ್ಲ!’ ಅವನು ಅಳುತ್ತಿದ್ದನೋ ನಗುತ್ತಿದ್ದನೋ ಹೇಳುವುದು ಕಷ್ಟ. ಬಹುಶಃ ಎರಡೂ. ಆಮೇಲೆ ತಲೆ ಎತ್ತಿದ. ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತಿತ್ತು. ‘ಆದಮಾಕ... ಮತ್ತೆ ನಿಮಗೆ?’

ಮೂವತ್ತು ವರ್ಷದಲ್ಲಿ ಯಾರೂ ಅವನಿಗೆ ಈ ಪ್ರಶ್ನೆ ಕೇಳಿರಲಿಲ್ಲ.

‘ನನಗೆ ಕೇಳುದಿಲ್ಲ ನೌಷಾದ್,’ ಎಂದ ಆದಂ ಕುಂಞಿ. ‘ನೀನು ತಂದ ದಿನವೂ ಕೇಳಿರಲಿಲ್ಲ. ಕಿವಿ ಹೋಗಿದೆ. ನನಗೂ ಮೊನ್ನೆಯೇ ಗೊತ್ತಾದದ್ದು. ನಿನ್ನ ಕಿವಿ ಸರಿ ಉಂಟು. ದೋಷ ನಾನು ಹಾಕಿದ ಆಂಪ್ಲಿಫೈಯರಿನದ್ದು. ನನ್ನದು.’

ಕಾರಿನೊಳಗೆ ಎಂಜಿನ್ ಓಡುತ್ತಲೇ ಇತ್ತು. ನೌಷಾದನಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಮುಖ ಕೆಂಪಾಯಿತು. ‘ಎರಡು ತಿಂಗಳು ಆದಮಾಕ! ನನ್ನ ಉಮ್ಮ ಅತ್ತು ಅತ್ತು...’ ಎಂದು ಶುರು ಮಾಡಿದವನು ಕನ್ನಡಿಯಲ್ಲಿ ಕಂಡ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ತನ್ನ ಮೇಲಿಂದ ಇಳಿದ ಹೆದರಿಕೆ ಅಲ್ಲಿ ಕೂತಿತ್ತು. ಸ್ಟೀರಿಯೊ ಬಂದ್ ಮಾಡಿ, ‘ಉಮ್ಮನಿಗೆ ಫೋನ್ ಮಾಡಿ ಬರ್ತೇನೆ,’ ಎಂದು ಇಳಿದು ಗೇಟಿನ ಹತ್ತಿರ ಹೋದ.

ಝೈನಬ ಹಿಂದೆ ತಿರುಗಲಿಲ್ಲ. ಮುಂದಿನ ಗ್ಲಾಸಿನ ಆಚೆ ನೋಡುತ್ತಾ ಕೂತಿದ್ದಳು.

‘ನಿನಗೆ ಗೊತ್ತಿತ್ತಾ?’ ಎಂದು ಕೇಳಿದ ಆದಂ ಕುಂಞಿ.

ಅವಳು ಏನೋ ಹೇಳಿದಳು. ಅವನಿಗೆ ಸರಿ ಕೇಳಲಿಲ್ಲ. ಆಗ ಅವಳು ಸೀಟಿನಲ್ಲಿ ಪೂರ್ತಿ ತಿರುಗಿ, ಕೈ ಚಾಚಿ ಅವನ ಭುಜ ಮುಟ್ಟಿ, ಅವನ ಮುಖ ನೋಡುತ್ತಾ ಪುನಃ ಹೇಳಿದಳು.

‘ಎರಡು ವರ್ಷದಿಂದ ಗೊತ್ತುಂಟು. ಹಿಂದಿನಿಂದ ಕರೆದರೆ ನೀವು ತಿರುಗುದಿಲ್ಲ. ಬಳೆ ಆಡಿಸಿ ನೋಡಿದೆ, ಆಗಲೂ ತಿರುಗ್ಲಿಲ್ಲ. ಅದಕ್ಕೇ ಮುಟ್ಟಿ ಮಾತಾಡ್ಲಿಕ್ಕೆ ಶುರು ಮಾಡಿದ್ದು. ಹೇಗೆ ಹೇಳುದು ನಿಮಗೆ? ಊರಿಡೀ ನಿಮ್ಮ ಕಿವಿಯ ಹೆಸರು ಹೇಳುವಾಗ ಮನೆಯವಳು ಬಂದು ಅದು ಹೋಯಿತು ಅಂತ ಹೇಳುದಾ? ನನಗೂ ಹೆದರಿಕೆ ಆಯ್ತು.’

ಆದಂ ಕುಂಞಿ ತನ್ನ ಭುಜದ ಮೇಲಿನ ಕೈ ನೋಡಿದ. ಮೀನಿನ ವಾಸನೆ ಬರುತ್ತಿತ್ತು. ಎರಡು ವರ್ಷದಿಂದ ಅವಳು ಮಾತಿಗೆ ಮೊದಲು ಹೀಗೆ ಭುಜ ಮುಟ್ಟುತ್ತಿದ್ದಳು. ಪ್ರಾಯ ಆಗುತ್ತಾ ಹೆಂಡತಿಗೆ ತನ್ನ ಮೇಲೆ ಪ್ರೀತಿ ಜಾಸ್ತಿ ಆಗಿದೆ ಎಂದುಕೊಂಡು ಅವನು ಒಳಗೊಳಗೇ ಹಿಗ್ಗುತ್ತಿದ್ದ.

ಅದೇ ದಿನ ನೌಷಾದನ ಕಾರಿನಿಂದ ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದ. ಆಮೇಲೆ ಉಳಿದ ಹತ್ತು ಕಾರಿನವರಿಗೂ ಫೋನ್ ಮಾಡಿದ.  ‘ಕುಂಯ್ ಅಂತ ಶಬ್ದ ಉಂಟಾ?’ ಎಂದು ಕೇಳಿದರೆ ಆರು ಜನ ಉಂಟು ಎಂದರು. ‘ಮತ್ತೆ ಯಾಕೆ ಹೇಳ್ಲಿಲ್ಲ?’ ಎಂದು ಕೇಳಿದರೆ ಆರೂ ಜನರದ್ದು ಒಂದೇ ಉತ್ತರ. ಆದಮಾಕ ಪಾಸು ಮಾಡಿದ್ದಲ್ವಾ, ಅದು ಹಾಗೇ ಇರ್ಬೇಕಾದ್ದು ಎಂದುಕೊಂಡೆವು.

ನಾಲ್ಕನೆಯ ದಿನ ಇಚಿಲಂಪಾಡಿಗೆ ಹೋಗುವಾಗ ಝೈನಬಳನ್ನೂ ಕರೆದುಕೊಂಡು ಹೋದ. ಚನಿಯಪ್ಪ ಬಸ್ ಸ್ಟ್ಯಾಂಡಿಗೆ ಕಾರು ತಂದಿದ್ದ. ಅದೇ ಮರಗಳ ಕೆಳಗೆ ನಿಲ್ಲಿಸಲು ಹೇಳಿ ಆದಂ ಕುಂಞಿ ಎಲ್ಲವನ್ನೂ ಹೇಳಿದ.  ‘ಇವತ್ತು ಪಾಸು ಮಾಡುದು ಇವಳು. ಬೇಡ ಅಂತ ಕಂಡರೆ ಹೇಳಿ, ಬೇಸರ ಇಲ್ಲ.’

 ‘ಆ ದಿನ ಜೀರುಂಡೆಯ ಮಾತು ಹೇಳಿದಾಗಲೇ ನನಗೆ ಒಂದು ನಮೂನೆ ಆಗಿತ್ತು,’ ಎಂದ ಚನಿಯಪ್ಪ. ಕಾರಿನಿಂದ ಇಳಿದು, ಮುಂದಿನ ಸೀಟಿನ ಬಾಗಿಲು ಝೈನಬಳಿಗೆ ತಾನೇ ತೆರೆದುಕೊಟ್ಟ.

ಹಳೆಯದು ಹಾಕಿದರು. ಹೊಸದು ಹಾಕಿದರು. ಝೈನಬ ಮೊದಲು ಹುಬ್ಬು ಗಂಟು ಹಾಕಿದಳು, ಮತ್ತೆ ಬಾಯಿಗೆ ಕೈ ಹಿಡಿದಳು.

‘ಇದು ನಾನಲ್ವಾ! ನನ್ನ ಗೆರಸೆ, ನನ್ನ ಬಳೆ! ಮದುವೆಯ ವರ್ಷದ್ದು! ಇದನ್ನಾ ನೀವು ಊರಿಡೀ ಕೇಳಿಸ್ತಾ ತಿರುಗಿದ್ದು? ನಾಚಿಕೆ ಆಗುದಿಲ್ವಾ ನಿಮಗೆ?’

ಬೈಗುಳದ ಮಧ್ಯದಲ್ಲಿಯೂ ಅವಳ ಕಣ್ಣು ತುಂಬಿತ್ತು. ಆದಂ ಕುಂಞಿ ಹಿಂದಿನ ಸೀಟಿನಿಂದ ಮುಂದೆ ಬಾಗಿ ಅವಳ ಮುಖವನ್ನೇ ನೋಡುತ್ತಿದ್ದ. ‘ಬಳೆ ಬಿಡಿಬಿಡಿ ಕೇಳ್ತದಾ?’ ಎಂದು ಕೇಳಿದ. ಅವಳು ಸ್ವಿಚ್ಚಿನ ಕೆಳಗಡೆ, ಹೊಸದರ ಬದಿಯಲ್ಲಿ ಬೆರಳಿಟ್ಟು ತಲೆ ಆಡಿಸಿದಳು.

‘ಆಯಿತು,’ ಎಂದ ಚನಿಯಪ್ಪ. ‘ಭವಿತಾ ಗೆದ್ದಳು. ಹಳೆಯದನ್ನು ಟವೆಲಿನಲ್ಲಿ ಸುತ್ತಿ ಅಟ್ಟದಲ್ಲಿ ಇಡ್ತೇನೆ.’

ವಾಪಸ್ ಬರುವ ಬಸ್ಸಿನಲ್ಲಿ ಝೈನಬಳಿಗೆ ಕಿಟಕಿಯ ಬದಿ ಸಿಕ್ಕಿತು. ನಾಳೆ ಅಂಗಡಿ ತೆರೆಯುವುದೋ ಬೇಡವೋ, ತೆರೆದರೆ ಯಾರು ಬರುತ್ತಾರೆ, ಉಳಿದ ಸ್ವರಗಳೂ ಒಂದೊಂದಾಗಿ ಹೋದರೆ ಎಂತ ಗತಿ, ಆದಂ ಕುಂಞಿಗೆ ಏನೂ ಗೊತ್ತಿರಲಿಲ್ಲ. ಹೆದರಿಕೆ ಹೋಗಿರಲಿಲ್ಲ. ಮರಗಳು ಹಿಂದೆ ಹಿಂದೆ ಓಡುತ್ತಿದ್ದವು.

‘ಜೀರುಂಡೆ ಈಗಲೂ ಉಂಟಾ?’ ಎಂದು ಕೇಳಿದ.

‘ಉಂಟು.’

ಒಂದು ತಿರುವು ದಾಟಿತು. ‘ಈಗ?’

‘ಈಗಲೂ ಉಂಟು.’

ಮತ್ತೆ ಅವನು ಕೇಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ಮರಗಳು ಮುಗಿದು ಅಂಗಡಿಗಳು ಶುರುವಾದಾಗ, ಅವಳು ಅವನ ಭುಜ ಮುಟ್ಟಿದಳು. ಅವನು ತಿರುಗಿ ಅವಳ ತುಟಿ ನೋಡಿದ.

‘ನಿಂತಿತು,’ ಎಂದಳು ಝೈನಬ.